ಸೋಲ್ಡರಿಂಗ್ ಕಲಿತ ಕಥೆ

ಅಮ್ಮನ ಹಳೇ ರೇಡಿಯೊ ಒಂದು ದಿನ ಮಾತು ನಿಲ್ಲಿಸಿತು. ಬಿಚ್ಚಿ ನೋಡಿದರೆ ಬ್ಯಾಟರಿಯ ಕೆಂಪು ವೈರ್ ಕಿತ್ತುಬಂದಿತ್ತು, ಅಷ್ಟೇ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ 25 ವ್ಯಾಟ್‌ನ ಸೋಲ್ಡರಿಂಗ್ ಐರನ್ (ತುದಿ ಕಾಯುವ ಬೆಸುಗೆ ಕಡ್ಡಿ), ಒಂದು ಸುರುಳಿ 60/40 ಸೋಲ್ಡರ್ (60 ಪಾಲು ತವರ, 40 ಪಾಲು ಸೀಸ ಇರುವ ಬೆಸುಗೆ ತಂತಿ) ತಂದೆ. ಸ್ಟ್ಯಾಂಡ್ ಯಾಕೆ ಬೇಕು ಅಂತ ಬಿಟ್ಟುಬಂದೆ. ಸಂಜೆಯೊಳಗೆ ಐರನ್ ಉರುಳಿ ಟೇಬಲ್ ಕ್ಲಾತ್‌ನಲ್ಲಿ ತೂತು!

ನಾನು ಮಾಡುತ್ತಿದ್ದದ್ದು ಇಷ್ಟು: ಸೋಲ್ಡರನ್ನು ಐರನ್ ತುದಿಯಲ್ಲಿ ಕರಗಿಸಿ, ಗೋಂದು ಹಚ್ಚಿದ ಹಾಗೆ ಬೋರ್ಡಿಗೆ ಬಳಿಯುವುದು. ಸೋಲ್ಡರಿನ ಒಳಗಿನ ಫ್ಲಕ್ಸ್, ಅಂದರೆ ಬೆಸುಗೆ ಚೆನ್ನಾಗಿ ಅಂಟಲು ನೆರವಾಗುವ ರಾಳ, ಅಲ್ಲೇ ಹೊಗೆಯಾಗಿ ಹೋಗುತ್ತಿತ್ತು. ಸೋಲ್ಡರ್ ಪುಟ್ಟ ರಾಗಿಮುದ್ದೆ ಥರ ಗುಂಡಗೆ ಕೂತಿತು. ವೈರ್ ಎಳೆದರೆ ಮುದ್ದೆ ಸಮೇತ ಕೈಗೆ ಬಂತು.

ಸ್ಟ್ಯಾಂಡ್ ತರಲು ಮತ್ತೆ ಹೋದಾಗ ಅಂಗಡಿಯವರು ನಕ್ಕರು. "ಮೊದ್ಲು ವೈರು, ಪ್ಯಾಡು ಎರಡನ್ನೂ ಒಟ್ಟಿಗೆ ಕಾಯ್ಸಿ ಸಾರ್. ಸೋಲ್ಡರ್ ಆಮೇಲೆ."

ಪ್ಯಾಡು ಅಂದರೆ ಬೋರ್ಡಿನಲ್ಲಿ ವೈರ್ ಬೆಸೆಯುವ ಪುಟ್ಟ ಲೋಹದ ಜಾಗ. ಹಾಗೇ ಮಾಡಿದೆ. ಒದ್ದೆ ಸ್ಪಂಜಿನಲ್ಲಿ ತುದಿ ಒರೆಸಿ, ಎರಡಕ್ಕೂ ತಾಗಿಸಿ, ಮೂರು ಎಣಿಸಿದೆ. ಸೋಲ್ಡರನ್ನು ಆಚೆ ಕಡೆಯಿಂದ ಮುಟ್ಟಿಸಿದ್ದೇ ತಡ, ಕಾದ ದೋಸೆ ಮೇಲೆ ತುಪ್ಪ ಹರಿದಂತೆ ಹರಿಯಿತು! ಆದರೆ ಖುಷಿಯಲ್ಲಿ ಕೈ ಅಲುಗಿತು. ಆರುವಾಗ ವೈರ್ ಅಲ್ಲಾಡಿದರೆ ಬೆಸುಗೆ ಮಂಕಾಗಿ, ಒರಟಾಗುತ್ತದೆ. ಇನ್ನೊಮ್ಮೆ ಕಾಯಿಸಿ, ಉಸಿರು ಹಿಡಿದು ಕೂತೆ. ಈ ಸಲ ಹೊಳೆಯಿತು.

ಸೋಲ್ಡರಿನಲ್ಲಿ ಸೀಸ ಇದೆ ಅಲ್ವಾ, ಕೈ ತೊಳೆದೇ ಕಾಫಿ ಕುಡಿದೆ. ರೇಡಿಯೊ ಹಾಡಿತು. ಹಿಂದಿನ ಮುಚ್ಚಳ ಮಾತ್ರ ಕೂರುತ್ತಿಲ್ಲ, ವೈರ್ ಜಾಸ್ತಿ ಉದ್ದ ಬಿಟ್ಟಿದ್ದೇನೆ. ಸದ್ಯಕ್ಕೆ ರಬ್ಬರ್ ಬ್ಯಾಂಡ್.