ಕಲ್ಲಿನ ಕೊಡ

ಗೈಡ್ ಹುಡುಗ ಕೈ ಮೇಲೆತ್ತಿ "ಅಲ್ ಖಜ್ನೆ" ಅಂದ. ಅವ್ವ ತಕ್ಷಣ "ಖಜಾನಿ?" ಅಂತ ಕೇಳಿದಳು. ಅವನು ಖುಷಿಯಿಂದ ತಲೆಯಾಡಿಸಿದ. ಜೋರ್ಡಾನ್‌ಗೆ ಬಂದ ಮೇಲೆ ಅವ್ವನಿಗೆ ಯಾರೂ ಬಿಡಿಸಿ ಹೇಳದೆ ಅರ್ಥವಾದ ಮೊದಲ ಮಾತು ಅದು. ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. 1948ರವರೆಗೆ ನಿಜಾಮರ ಕೈಯಲ್ಲಿದ್ದ ಸೀಮೆ. ಉರ್ದು ಮೂಲಕ ಬಂದ ತಕರಾರು, ಜಮೀನು, ಖಜಾನೆ ಎಲ್ಲ ನಮ್ಮ ಮನೆಮಾತೇ ಆಗಿಬಿಟ್ಟಿವೆ. ಅಷ್ಟು ದೂರ ಹೋಗಿ ನಮ್ಮದೇ ಮಾತು ಕೇಳಿದಾಗ ಆದ ಸಂತೋಷ ಏನಂತ ಹೇಳಲಿ.

ತಂಗಿ ದುಬೈನಲ್ಲಿದ್ದಾಳೆ. 2024ರ ನವೆಂಬರ್‌ನಲ್ಲಿ ಅವಳ ಮನೆಗೆ ಹೋದವರು ಅಲ್ಲಿಂದಲೇ ಮೂರು ದಿನಕ್ಕೆ ಅಂತ ಜೋರ್ಡಾನ್ ರಾಜಧಾನಿ ಅಮ್ಮಾನ್‌ಗೆ ಹೋದೆವು. ಬೆಟ್ಟದ ಬಂಡೆಯಲ್ಲೇ ಕೊರೆದ ಹಳೆಯ ಪಟ್ಟಣ ಪೆಟ್ರಾ ನೋಡಬೇಕು ಅನ್ನೋದು ನನ್ನ ಹಟ. ಅಮ್ಮಾನ್‌ನಿಂದ ಕಾರಿನಲ್ಲಿ ಮೂರು ತಾಸು. ದಾರಿ ಉದ್ದಕ್ಕೂ ಮರಳುಗಾಡು, ಅಲ್ಲಲ್ಲಿ ಕುರಿ ಹಿಂಡು. ಟಿಕೆಟ್ ಒಬ್ಬರಿಗೆ 50 ದಿನಾರ್. ಅದು ನಮ್ಮ ರೂಪಾಯಿಯಲ್ಲಿ ಎಷ್ಟಾಗುತ್ತೆ ಅಂತ ಅವ್ವನಿಗೆ ಹೇಳಲಿಲ್ಲ. ಹೇಳಿದ್ದರೆ ಗೇಟಿನ ಹೊರಗೇ ಕೂತುಬಿಡುತ್ತಿದ್ದಳು.

ಒಳಗೆ ಹೋಗಲು ಇರುವುದು ಬಂಡೆಗಳ ನಡುವಿನ ಒಂದು ಸೀಳು. ಅದನ್ನು ಸಿಕ್ ಅನ್ನುತ್ತಾರೆ. ಹೆಚ್ಚೂಕಡಿಮೆ 1.2 ಕಿಲೋಮೀಟರ್ ಉದ್ದ. ಕೆಲವು ಕಡೆ ಮೂರೇ ಮೀಟರ್ ಅಗಲ. ಎರಡೂ ಕಡೆ ಕೆಂಪು ಬಂಡೆ ಆಕಾಶದವರೆಗೆ ಎದ್ದಿದೆ. ಬ್ಯಾಟರಿ ಗಾಡಿ ಇತ್ತು, ಅವ್ವನ ಮೊಣಕಾಲು ನೋವಿಗೆ ಅದರಲ್ಲೇ ಹೋಗೋಣ ಅಂದೆ. "ಬರುವಾಗ ಹತ್ತೂಣು, ಈಗ ನಡೀತೀನಿ" ಅಂದಳು. ಹಾಗೆ ನಡೆದಿದ್ದು ಎಷ್ಟು ಒಳ್ಳೆಯದಾಯಿತು.

ಎಲ್ಲರೂ ತಲೆ ಎತ್ತಿ ಮೇಲೆ ನೋಡುತ್ತಾ ಹೋಗುತ್ತಿದ್ದರು. ಅವ್ವ ಮಾತ್ರ ಪಕ್ಕದ ಗೋಡೆಗೆ ಕೈ ಇಟ್ಟು ನಿಂತಳು. ಸೊಂಟದ ಎತ್ತರದಲ್ಲಿ ಬಂಡೆಯನ್ನೇ ಕೊರೆದು ಮಾಡಿದ ಒಂದು ಉದ್ದನೆಯ ತೋಡು. ಅಂಗೈಯಿಟ್ಟು ಅಗಲ ಅಳೆದಳು. ಒಳಗೆ ಬೆರಳು ಸವರಿದಳು. ಸಣ್ಣ ಮರಳು ಮೆತ್ತಿಕೊಂಡಿತು. ಹಿಂದೆ ತಿರುಗಿ ಅದು ಬಂದ ದಾರಿ ನೋಡಿದಳು, ಮುಂದೆ ಹೋಗುವ ದಾರಿ ನೋಡಿದಳು.

"ಇದು ಕಾಲುವಿ ನೋಡಪಾ. ವಾಟ ಎಷ್ಟು ಹದ ಐತಿ ನೋಡು. ಜೋರಾಗಿ ಹರಿಯಂಗಿಲ್ಲ, ನಿಂದ್ರಂಗೂ ಇಲ್ಲ."

ಗೈಡ್‌ಗೆ ಹೇಳಿದೆ. ಅವನ ಮುಖ ಅರಳಿತು. ಬಂದವರೆಲ್ಲ ಫೋಟೊ ತೆಗೆಯೋ ಜಾಗ ಎಲ್ಲಿದೆ ಅಂತಲೇ ಕೇಳುತ್ತಾರಂತೆ. ಎದುರು ಗೋಡೆಗೂ ಕರೆದುಕೊಂಡು ಹೋಗಿ, ಅಲ್ಲಿ ಸುಟ್ಟ ಮಣ್ಣಿನ ಕೊಳವೆ ಕೂರಿಸಿದ್ದ ಜಾಗ ತೋರಿಸಿದ. ಎರಡು ಸಾವಿರ ವರ್ಷದ ಹಿಂದೆ ಪೆಟ್ರಾ ಕಟ್ಟಿದ ನಬಾಟಿಯನ್ನರು ಪಕ್ಕದ ವಾದಿ ಮೂಸಾ ಊರಿನ ಊಟೆಯಿಂದ ಹೀಗೆ ನೀರು ತಂದರು. ಮಳೆ ಬಂದರೆ ಇದೇ ಸೀಳಿನಲ್ಲಿ ಪ್ರವಾಹ ನುಗ್ಗುತ್ತದೆ. ಅದಕ್ಕೆ ಒಡ್ಡು ಕಟ್ಟಿ, ಸುರಂಗ ಕೊರೆದು ನೀರನ್ನು ಬೇರೆ ಕಡೆ ತಿರುಗಿಸಿದ್ದರು. ಮಳೆಯೇ ಕಡಿಮೆ ಇರುವ ನಾಡಿನಲ್ಲಿ ಪಟ್ಟಣ ಬೆಳೆದದ್ದು ಈ ಕಾಲುವೆಗಳಿಂದ. ನಾವು ತುಂಗಭದ್ರಾ ಎಡದಂಡೆ ಕಾಲುವೆ ನಂಬಿ ಭತ್ತ ಹಾಕುವವರು. ಆನೆಗುಂದಿ ಕಡೆ ಇವತ್ತಿಗೂ ವಿಜಯನಗರದ ಕಾಲದ ಕಾಲುವೆಯಲ್ಲಿ ನೀರು ಹರಿಯುತ್ತದೆ. ಕೊನೆ ಹೊಲಕ್ಕೆ ನೀರು ಮುಟ್ಟದಿದ್ದರೆ ಏನಾಗುತ್ತೆ ಅಂತ ಅವ್ವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಸೀಳು ಮುಗಿದ ಕಡೆ ಖಜ್ನೆ. ಸುಮಾರು 40 ಮೀಟರ್ ಎತ್ತರ. ಎಲ್ಲೂ ಕಲ್ಲು ಪೇರಿಸಿಲ್ಲ, ಬೆಟ್ಟದಲ್ಲೇ ಕಡಿದದ್ದು. ಬೆಳಗಿನ ಬಿಸಿಲಿಗೆ ಹುರಿದ ಶೇಂಗಾದ ಸಿಪ್ಪೆಯ ಬಣ್ಣ. ನಾನು ಮಾತಾಡದೆ ನಿಂತುಬಿಟ್ಟೆ.

ತುದಿಯಲ್ಲಿ ಒಂದು ಕಲ್ಲಿನ ಕೊಡ ಇದೆ. ಅದರ ಮೈಯೆಲ್ಲ ಚಕ್ಕೆ ಎದ್ದ ಗುರುತು. ಹಿಂದಿನ ಕಾಲದಲ್ಲಿ ಅಲ್ಲಿಯ ಬೆದೂಯಿನ್ ಅನ್ನೋ ಮರಳುಗಾಡಿನ ಅಲೆಮಾರಿ ಜನ ಆ ಕೊಡದೊಳಗೆ ಈಜಿಪ್ಟಿನ ಫರೋ ರಾಜನ ಬಂಗಾರ ಇದೆ ಅಂತ ನಂಬಿ ಬಂದೂಕಿನಿಂದ ಗುಂಡು ಹೊಡೆಯುತ್ತಿದ್ದರಂತೆ. ಒಡೆದರೆ ನಾಣ್ಯ ಸುರಿಯುತ್ತೆ ಅಂತ. ಖಜ್ನೆ ಅನ್ನೋ ಹೆಸರು ಬಂದಿದ್ದೂ ಆ ನಂಬಿಕೆಯಿಂದಲೇ.

"ಒಳಗ ಏನಿತ್ತಂತ?" ಅವ್ವ ಕೇಳಿದಳು.

ಏನೂ ಇಲ್ಲ. ಅದು ಪೊಳ್ಳು ಕೊಡವೇ ಅಲ್ಲ, ಇಡೀ ಕಲ್ಲು. ಆ ಕಟ್ಟಡ ಖಜಾನೆಯೂ ಅಲ್ಲ. ನಾವು ಹೋದ ವರ್ಷವೇ ಅದರ ಬುಡದಲ್ಲಿ ಅಗೆದಾಗ ಒಂದು ಗೋರಿ ಸಿಕ್ಕಿತ್ತು, ಅದರಲ್ಲಿ 12 ಜನರ ಅಸ್ಥಿಪಂಜರ ಇತ್ತು.

ಅವ್ವ ನನ್ನ ಮುಖ ನೋಡಿದಳು. ನಾನೂ ಅವಳ ಮುಖ ನೋಡಿದೆ. ಇಬ್ಬರಿಗೂ ನೆನಪಾಗಿದ್ದು ಮೋರೇರ ಗುಡ್ಡ.

ಗಂಗಾವತಿ ತಾಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ನೂರಾರು ಕಲ್ಲಿನ ಮನೆಗಳಿವೆ. ಎರಡು ಸಾವಿರ ವರ್ಷಕ್ಕಿಂತ ಹಳೆಯವು. ಅಗಲವಾದ ಚಪ್ಪಡಿ ನಿಲ್ಲಿಸಿ, ಮೇಲೊಂದು ಹೊದಿಸಿ, ಮುಂದಿನ ಕಲ್ಲಿಗೆ ದುಂಡನೆಯ ಕಿಂಡಿ ಕೊರೆದಿದ್ದಾರೆ. ಮೋರೇರು ಅನ್ನೋ ಕುಳ್ಳ ಜನ ಅಲ್ಲಿ ವಾಸವಿದ್ದರು ಅಂತ ನಮ್ಮ ಕಡೆ ಕಥೆ. ನಿಜವಾಗಿ ಅವು ಸತ್ತವರಿಗಾಗಿ ಕಟ್ಟಿದವು. ನನಗೆ ಹನ್ನೊಂದು ವರ್ಷ ಇದ್ದಾಗ ಅಪ್ಪ ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಒಂದು ಮನೆಯೊಳಗೆ ಹಸಿ ಮಣ್ಣಿನ ಗುಂಡಿ. ಪಕ್ಕದಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು. ಕಿಂಡಿ ಇದ್ದ ಚಪ್ಪಡಿ ಎರಡು ತುಂಡಾಗಿ ಅಂಗಾತ ಬಿದ್ದಿತ್ತು. ಅಪ್ಪ ಏನೂ ಮಾತಾಡಲಿಲ್ಲ. ಚಪ್ಪಲಿ ಬಿಟ್ಟು, ಬರಿಗಾಲಿನಿಂದ ಮಣ್ಣು ಸರಿಸಿ ಗುಂಡಿ ಮುಚ್ಚಿದ. ಅವನ ಕಣ್ಣಲ್ಲಿ ನೀರಿತ್ತು.

ಈ ನಿಧಿ ಆಸೆ ಇನ್ನೂ ಸತ್ತಿಲ್ಲ. 2019ರ ಜುಲೈನಲ್ಲಿ ಆನೆಗುಂದಿಯ ನವವೃಂದಾವನದಲ್ಲಿ ಯತಿ ವ್ಯಾಸರಾಜರ ಸಮಾಧಿಯಾದ ವೃಂದಾವನವನ್ನೇ ರಾತ್ರೋರಾತ್ರಿ ಒಡೆದು ಹಾಕಿದರು. ಜನ ಸೇರಿ ಬೇಗನೇ ಮತ್ತೆ ಕಟ್ಟಿ ನಿಲ್ಲಿಸಿದರು. ಆ ಸುದ್ದಿ ಬಂದ ದಿನ ಅವ್ವ ಊಟ ಮಾಡಿರಲಿಲ್ಲ.

ಅಲ್ಲೇ ಒಂದು ಬಂಡೆ ಮೇಲೆ ಕೂತು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ಗೈಡ್ ಹುಡುಗನಿಗೂ ಕೊಟ್ಟಳು ಅವ್ವ. ಅವನ ಅಜ್ಜಿ ಹುಟ್ಟಿದ್ದು ಪೆಟ್ರಾದ ಒಂದು ಗವಿಯಲ್ಲಿ. ಎಂಬತ್ತರ ದಶಕದಲ್ಲಿ ಸರ್ಕಾರ ಅವರನ್ನೆಲ್ಲ ಹತ್ತಿರದ ಹೊಸ ಊರಿಗೆ ಸಾಗಿಸಿತು. ಈಗ ಅವನು ಕೊಡ ತೋರಿಸಿ ಸಂಸಾರ ನಡೆಸುತ್ತಿದ್ದಾನೆ. ರೊಟ್ಟಿ ಮುರಿದ ಸದ್ದಿಗೆ ನಕ್ಕ. ಪುದೀನಾ ಚಹಾ ತರಿಸಿಕೊಟ್ಟ, ದುಡ್ಡು ಬೇಡ ಅಂದ.

ಊರಿಗೆ ಬಂದ ಮುಂದಿನ ಭಾನುವಾರ ಒಬ್ಬನೇ ಗುಡ್ಡ ಹತ್ತಿದೆ. ಅದೇ ಮನೆ ಹುಡುಕಿದೆ. ಒಡೆದ ಚಪ್ಪಡಿ ಹಾಗೇ ಬಿದ್ದಿತ್ತು, ಸಂದಿಯಲ್ಲಿ ಹುಲ್ಲು ಬೆಳೆದಿತ್ತು. ಬಗ್ಗಿ ಕಿಂಡಿಯ ಅಂಚನ್ನು ಬೆರಳಿಂದ ಸವರುತ್ತಿದ್ದೆ. ಹಿಂದಿನಿಂದ ದನಿ ಬಂತು.

"ಏನ್ರೀ, ಏನು ಹುಡುಕಾಕತ್ತೀರಿ ಅಲ್ಲಿ?"

ಕುರಿ ಕಾಯುವ ಹುಡುಗ. ಹದಿನೈದು ವರ್ಷ ಇರಬಹುದು. ಕೋಲು ಗಟ್ಟಿಯಾಗಿ ಹಿಡಿದಿದ್ದ. ಸುಮ್ನೆ ನೋಡಾಕ ಬಂದೀನಿ ಅಂದೆ. ನಂಬಲಿಲ್ಲ. ಚೀಲದಲ್ಲಿ ಏನಿದೆ ಅಂತ ಕೇಳಿದ. ಬಿಚ್ಚಿ ತೋರಿಸಿದೆ, ನೀರಿನ ಬಾಟಲಿ ಮತ್ತು ಒಂದು ಟವೆಲ್ ಇತ್ತು. ನಾನು ಗುಡ್ಡ ಇಳಿದು ಗಾಡಿ ಹತ್ತುವವರೆಗೂ ಅವನು ಬಂಡೆ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದ. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಆ ಹುಡುಗ ಯಾವ ಊರಿನವನು, ಯಾರ ಮಗ ಅಂತ ಎರಡೆರಡು ಸಲ ಕೇಳಿದಳು.