ನಡೆಯದ ಇತಿಹಾಸ ಬರೆಯಲು ಇತಿಹಾಸವೇಕೆ ಓದಬೇಕು?

ಇತಿಹಾಸ ಬೇರೆ ದಾರಿ ಹಿಡಿದಿದ್ದರೆ ಏನಾಗುತ್ತಿತ್ತು ಎಂದು ಕಥೆ ಕಟ್ಟುವ ಅಮೆರಿಕದ ಲೇಖಕ ಹ್ಯಾರಿ ಟರ್ಟಲ್‌ಡವ್ ಅವರ ಕಾದಂಬರಿಗಳ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆಯೊಂದಿದೆ: ನಡೆಯದೇ ಇದ್ದುದನ್ನು ಬರೆಯುವವರಿಗೆ ಇತಿಹಾಸದ ಪಾಂಡಿತ್ಯವೇಕೆ, ಕಲ್ಪನಾಶಕ್ತಿಯೊಂದಿದ್ದರೆ ಸಾಲದೇ? ಸಾಲದು ಎಂಬುದು ನನ್ನ ಉತ್ತರ.

1949ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಟರ್ಟಲ್‌ಡವ್, ಆರನೆಯ ಶತಮಾನದ ರೋಮ್‌ಗೆ ಹೋಗಿಬೀಳುವ ಆಧುನಿಕನೊಬ್ಬನ ಕಥೆಯನ್ನು ಎಳೆಯ ವಯಸ್ಸಿನಲ್ಲಿ ಓದಿ, ಅದರಲ್ಲಿ ನಿಜವೆಷ್ಟು, ಕಟ್ಟಿದ್ದೆಷ್ಟು ಎಂದು ಹುಡುಕುತ್ತ ಹೋದವರು. ಆ ಹುಡುಕಾಟ ಮುಗಿದದ್ದು 1977ರಲ್ಲಿ, ಬೈಜಾಂಟೈನ್ (ಪೂರ್ವ ರೋಮನ್ ಸಾಮ್ರಾಜ್ಯದ) ಇತಿಹಾಸದಲ್ಲಿ ಪಡೆದ ಪಿಎಚ್‌ಡಿಯೊಂದಿಗೆ. ಪದವಿಯೇನೋ ಬಂತು, ಆದರೆ ಹೊಟ್ಟೆಪಾಡಿಗೆ 1991ರವರೆಗೂ ಲಾಸ್ ಏಂಜಲೀಸ್ ಕೌಂಟಿಯ ಶಿಕ್ಷಣ ಕಚೇರಿಯಲ್ಲಿ ತಾಂತ್ರಿಕ ಬರಹಗಾರರಾಗಿ ದುಡಿದರು. ಮೊದಲ ಕಾದಂಬರಿಗಳು ಎರಿಕ್ ಐವರ್ಸನ್ ಎಂಬ ಹೆಸರಿನಲ್ಲಿ ಬಂದವು. ಟರ್ಟಲ್‌ಡವ್ ನಿಜವಾದ ಹೆಸರೆಂದರೆ ಯಾರೂ ನಂಬಲಾರರು ಎಂದು ಸಂಪಾದಕರಿಗೆ ಅನ್ನಿಸಿತ್ತಂತೆ.

1992ರ 'ದಿ ಗನ್ಸ್ ಆಫ್ ದಿ ಸೌತ್' ಅವರಿಗೆ ದೊಡ್ಡ ಹೆಸರು ತಂದಿತು. ಭವಿಷ್ಯದಿಂದ ಬಂದ ದಕ್ಷಿಣ ಆಫ್ರಿಕಾದ ಜನಾಂಗೀಯವಾದಿಗಳು ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದಲ್ಲಿ ದಕ್ಷಿಣದ ಸೇನಾನಿ ಜನರಲ್ ಲೀಯ ಸೈನ್ಯಕ್ಕೆ ಎಕೆ-47 ಬಂದೂಕುಗಳನ್ನು ಒದಗಿಸುತ್ತಾರೆ. ಇಷ್ಟನ್ನು ಯಾರಾದರೂ ಊಹಿಸಬಹುದು. ಆದರೆ ಆ ಬಂದೂಕು ಹಿಡಿಯುವವರು ನಾರ್ತ್ ಕ್ಯಾರೊಲಿನಾದ 47ನೇ ರೆಜಿಮೆಂಟಿನ ಹಾಜರಿಪಟ್ಟಿಯಿಂದಲೇ ಎದ್ದುಬಂದ ಸೈನಿಕರು. ಅವರಲ್ಲೊಬ್ಬಳು ಗಂಡುವೇಷದಲ್ಲಿ ಹೋರಾಡಿದ ಮಾಲಿ ಬೀನ್. 1865ರಲ್ಲಿ ಸಮವಸ್ತ್ರದಲ್ಲೇ ಸಿಕ್ಕಿಬಿದ್ದ ನಿಜವಾದ ಹೆಂಗಸು.

1997ರ 'ಹೌ ಫ್ಯೂ ರಿಮೈನ್' ಇನ್ನೂ ಒಳ್ಳೆಯ ಉದಾಹರಣೆ. 1862ರ ಸೆಪ್ಟೆಂಬರ್‌ನಲ್ಲಿ ಮೂರು ಚುಟ್ಟಾಗಳಿಗೆ ಸುತ್ತಿದ್ದ ಲೀಯ ರಹಸ್ಯ ಆದೇಶವೊಂದು ಉತ್ತರದ ಸೈನಿಕರ ಕೈಗೆ ಸಿಕ್ಕಿದ್ದು ಚರಿತ್ರೆ. ಕಾದಂಬರಿಯಲ್ಲಿ ಅದು ಬಿದ್ದ ಕೂಡಲೇ ಲೀಯ ಕಡೆಯವರೇ ಎತ್ತಿಕೊಡುತ್ತಾರೆ. ಬದಲಾದದ್ದು ಅಷ್ಟೇ, ಅಲ್ಲಿಂದ ಮುಂದೆ ದಕ್ಷಿಣಕ್ಕೆ ಪ್ರತ್ಯೇಕ ದೇಶವೆಂದು ಬ್ರಿಟನ್, ಫ್ರಾನ್ಸ್‌ಗಳು ಕೊಡುವ ಮನ್ನಣೆಯಿಂದ ಹಿಡಿದು, ಯುದ್ಧ ಸೋತ ಉತ್ತರದ ಅಧ್ಯಕ್ಷ ಲಿಂಕನ್ ಕಾರ್ಮಿಕರ ಪರವಾಗಿ ಭಾಷಣ ಮಾಡುತ್ತ ತಿರುಗುವವರೆಗೆ, ಪ್ರತಿಯೊಂದಕ್ಕೂ ಆ ಕಾಲದ ರಾಜಕೀಯದಲ್ಲೇ ಕಾರಣ ಸಿಗಬೇಕು. ಯಾವ ಎಳೆಯನ್ನು ಎಳೆದರೆ ಎಷ್ಟು ಬಿಚ್ಚಿಕೊಳ್ಳುತ್ತದೆ ಎಂಬುದು ದಾಖಲೆಗಳಲ್ಲಿ ಮುಳುಗಿದವರಿಗೆ ಮಾತ್ರ ಗೊತ್ತಾಗುತ್ತದೆ.

ಹಾಗೆಂದು ಪಾಂಡಿತ್ಯ ಯಾವಾಗಲೂ ಕೈಹಿಡಿಯುತ್ತದೆಂದಲ್ಲ. 'ಹೌ ಫ್ಯೂ ರಿಮೈನ್'ನಿಂದ ಶುರುವಾದ ಸರಣಿಯ ಕೊನೆಯ ಸಂಪುಟಗಳಲ್ಲಿ ದಕ್ಷಿಣದ ಸರ್ವಾಧಿಕಾರಿ ಹಿಟ್ಲರನ ಪಡಿಯಚ್ಚು, ಪಿಟ್ಸ್‌ಬರ್ಗ್ ಇನ್ನೊಂದು ಸ್ಟಾಲಿನ್‌ಗ್ರಾಡ್. ನಿಜದ ಎರಡನೇ ಮಹಾಯುದ್ಧವನ್ನು, ಸ್ಟಾಲಿನ್‌ಗ್ರಾಡಿನಲ್ಲಿ ಹಿಟ್ಲರನ ಸೈನ್ಯ ಸೋತದ್ದನ್ನು ಬಲ್ಲ ಓದುಗರಿಗೆ ಅಲ್ಲಿ ಮುಂದೇನಾಗುವುದೆಂಬ ಕುತೂಹಲವೇ ಉಳಿಯುವುದಿಲ್ಲ.