ತೆಗೆಯುವುದಕ್ಕೆ ಬಂದಿರಾ?

ಮಂಗಳವಾರ ಬೆಳಗ್ಗೆ ಆರೂಕಾಲು. ಜಯನಗರದ ಮಳೆಮರಗಳ ರಸ್ತೆಯಲ್ಲಿ ಟ್ರೈಪಾಡಿನ ಮೂರು ಕಾಲು ಬಿಡಿಸಿ ನಿಲ್ಲಿಸುತ್ತಿದ್ದೆ. ರಸ್ತೆ ಗುಡಿಸುತ್ತಿದ್ದ ಪೌರಕಾರ್ಮಿಕ ಮಹಿಳೆಯೊಬ್ಬರು ಪೊರಕೆ ನಿಲ್ಲಿಸಿ ಕೇಳಿದರು.

“ತೆಗೆಯುವುದಕ್ಕೆ ಬಂದಿರಾ ಮೇಡಂ?”

“ಹೌದಮ್ಮ.”

“ಎಲ್ಲವನ್ನೂ ತೆಗೆಯುತ್ತೀರಾ?”

“ಈ ಸಾಲು ಪೂರ್ತಿ ತೆಗೆಯಬೇಕು. ಬಿಸಿಲೇರುವುದರೊಳಗೆ ಮುಗಿದರೆ ಸಾಕು.”

ಅವರು ಸುಮ್ಮನಾದರು. ಪಕ್ಕದ ಮರದ ಬೊಡ್ಡೆಗೆ ಅಂಗೈ ಒತ್ತಿ ನಿಂತರು. ನಾನು ಲೆನ್ಸ್ ಒರೆಸುವುದರಲ್ಲಿ ಮುಳುಗಿದ್ದೆ. ಸ್ವಲ್ಪ ಹೊತ್ತಾದ ಮೇಲೆ, “ಮೇಲೆ ಗೂಡುಗಳಿವೆ. ಮರಿ ಹಾರುವ ತನಕವಾದರೂ ತಡೆಯಬಾರದಾ?” ಎಂದರು. ಆಗ ತಲೆಯೆತ್ತಿ ಅವರ ಮುಖ ನೋಡಿದೆ.

ನಾನು ಚಿತ್ರದ ಮಾತಾಡುತ್ತಿದ್ದೆ, ಅವರು ಮರದ ಮಾತಾಡುತ್ತಿದ್ದರು. ಹಿಂದಿನ ವಾರ ಇಂಥದೇ ಮೂರು ಕಾಲಿನ ಸ್ಟ್ಯಾಂಡ್ ಹೊತ್ತು ಇಬ್ಬರು ಬಂದಿದ್ದರಂತೆ. ಒಂದು ಕಣ್ಣು ಮುಚ್ಚಿ ಅದರೊಳಗೆ ನೋಡಿ, ಏನೋ ಬರೆದುಕೊಂಡು ಹೋದರಂತೆ. ಮರುದಿನ ಇನ್ನೊಬ್ಬ ಬಣ್ಣದ ಡಬ್ಬಿ ತಂದು ಒಂದೊಂದು ಮರಕ್ಕೂ ನಂಬರ್ ಬರೆದನಂತೆ. ಅವರು ಕೈಯಿಟ್ಟಿದ್ದ ಮರದ ನಂಬರ್ 27. ತೊಗಟೆಯ ಬಿರುಕುಗಳಲ್ಲಿ ಕೆಂಪು ಬಣ್ಣ ಇಳಿದು, ಏಳರ ಕಾಲು ಗೇಣುದ್ದ ಜಾರಿ ಒಣಗಿತ್ತು. ಅದರ ಮೇಲೆಯೇ ಇರುವೆಯ ಸಾಲು ತನ್ನ ಪಾಡಿಗೆ ಮೇಲೆ ಹತ್ತುತ್ತಿತ್ತು.

“ಅಯ್ಯೋ, ಇಲ್ಲಮ್ಮ, ಫೋಟೋ. ಫೋಟೋ ತೆಗೆಯುವುದಕ್ಕೆ” ಎಂದೆ.

ನಾಲ್ಕು ದಿನವಾಯಿತು. ಅಡುಗೆ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಆ ನಾಲ್ಕು ಸಾಲಿನ ಮಾತು ಕಿವಿಯಲ್ಲಿ ಮತ್ತೆ ಮತ್ತೆ ಕೇಳಿಸುತ್ತಿದೆ. ನಮ್ಮ ಕನ್ನಡದಲ್ಲಿ ಫೋಟೋ ತೆಗೆಯುತ್ತೇವೆ, ಬಾಗಿಲು ತೆಗೆಯುತ್ತೇವೆ, ಜೀವವನ್ನೂ ತೆಗೆಯುತ್ತೇವೆ. ಅದೇ ಕ್ರಿಯಾಪದವನ್ನು ಹದಿನೈದು ವರ್ಷದಿಂದ ದಿನಕ್ಕೆ ಹತ್ತು ಸಲ ಬಳಸುತ್ತಿದ್ದೇನೆ. ಅದು ಒಬ್ಬರ ಮುಖವನ್ನು ಹಾಗೆ ಬಾಡಿಸಬಲ್ಲದು ಎಂದು ಮೊದಲ ಬಾರಿಗೆ ಕಂಡೆ.

ಎರಡೂ ಬದಿಯ ಮರಗಳು ಮೇಲೆ ಸೇರಿ ಕಮಾನಾದ ರಸ್ತೆ ನನ್ನ ಕಣ್ಣಿಗೆ ಸುರಂಗವೇ. ಈ ಸುರಂಗಗಳ ಹುಚ್ಚು ನನಗೆ ಅಪ್ಪನಿಂದ ಬಂದದ್ದು. ಅವರು ಸಕಲೇಶಪುರದ ಕಡೆ ರೈಲ್ವೆ ಗ್ಯಾಂಗ್‌ಮನ್. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳಿವೆ. 1979ರಲ್ಲಿ ಮೀಟರ್‌ಗೇಜ್ ದಾರಿಯಾಗಿ ತೆರೆದದ್ದು ಮುಂದೆ ಬ್ರಾಡ್‌ಗೇಜ್ ಆಯಿತು. ಮಳೆಗಾಲದಲ್ಲಿ ಗೋಡೆಯಿಂದ ಜಿನುಗುವ ನೀರಿನ ವಾಸನೆ ಅಪ್ಪನ ಅಂಗಿಯಲ್ಲೇ ಮನೆಗೆ ಬರುತ್ತಿತ್ತು. ಸುರಂಗದ ಗೋಡೆಯಲ್ಲಿ ಅಲ್ಲಲ್ಲಿ ಮನುಷ್ಯ ನಿಲ್ಲುವಷ್ಟು ಗೂಡು ಕೊರೆದಿರುತ್ತಾರೆ. “ರೈಲಿನ ಸದ್ದು ಕೇಳಿದ ಮೇಲೆ ಬೆಳಕಿನ ಕಡೆ ಓಡಬಾರದು ಮಗಳೇ, ಗೂಡು ಹುಡುಕಬೇಕು” ಎನ್ನುತ್ತಿದ್ದರು.

ಆ ಹಳಿಗಳ ಮೇಲೆ ಚಾರಣ ಹೋಗುವುದನ್ನು ರೈಲ್ವೆ ನಿಷೇಧಿಸಿದೆ. ನಿಷೇಧಿಸಿದ್ದು ಸರಿ. ಒಂದು ಚಿತ್ರಕ್ಕಾಗಿ ಕದ್ದು ನುಗ್ಗುವವರ ಮೇಲೆ ನನಗೆ ಗೌರವವಿಲ್ಲ. ನಾನು ತೆಗೆದಿರುವುದೆಲ್ಲ ಹಗಲು ರೈಲಿನ ಕಿಟಕಿಯಿಂದ, ತಿರುವಿನಲ್ಲಿ ಸುರಂಗದ ಬಾಯಿ ಕಾಣುವ ಆ ಎರಡು ಮೂರು ಸೆಕೆಂಡುಗಳಲ್ಲಿ. ಒಳಗಿನ ಕತ್ತಲೆಗೆ ಕ್ಯಾಮೆರಾ ಹೊಂದಿಸಿದರೆ ಆಚೆಯ ಬಾಯಿ ಸುಣ್ಣ ಬಳಿದಂತೆ ಬಿಳುಚುತ್ತದೆ, ಆಚೆಯ ಬೆಳಕಿಗೆ ಹೊಂದಿಸಿದರೆ ಗೋಡೆಯೇ ಇಲ್ಲವಾಗುತ್ತದೆ. ನಾನು ಬೆಳಕಿಗೆ ಹೊಂದಿಸಿ, ಒದ್ದೆ ಕಲ್ಲಿನ ಅಂಚು ಒಂದಿಷ್ಟು ಮಿನುಗಲಿ ಎಂದು ಕಾಯುತ್ತೇನೆ.

ಬೆಂಗಳೂರಿಗೆ ಬಂದ ಮೇಲೆ ಸುರಂಗಕ್ಕೆ ಬರ. ಪ್ರಸ್ಥಭೂಮಿಯ ಮೇಲಿನ ಊರು, ರೈಲಿಗೆ ಇಲ್ಲಿ ಬೆಟ್ಟ ಕೊರೆಯುವ ಪ್ರಮೇಯವೇ ಇರಲಿಲ್ಲ. 2016ರ ಏಪ್ರಿಲ್ ಕೊನೆಯಲ್ಲಿ ಕಬ್ಬನ್ ಪಾರ್ಕಿನಿಂದ ಮೆಜೆಸ್ಟಿಕ್ ಕಡೆಗೆ ನೆಲದಡಿಯ ಮೆಟ್ರೊ ಓಡಿದಾಗ ಕಿಟಕಿಗೆ ಹಣೆ ಒತ್ತಿ ಕೂತಿದ್ದೆ. ಅಲ್ಲಿಯವರೆಗೆ ನನ್ನ ಹಸಿವು ತಣಿಸಿದ್ದು ಮರಗಳ ರಸ್ತೆಗಳೇ.

ಮರದ ಸುರಂಗ ತಾನಾಗಿ ಕಟ್ಟಿಕೊಳ್ಳುವ ಬಗೆ ನೋಡಬೇಕು. ಒಂದು ಕಡೆ ಕಟ್ಟಡದ ನೆರಳು, ಇನ್ನೊಂದು ಕಡೆ ರಸ್ತೆಯ ಮೇಲಿನ ತೆರೆದ ಆಕಾಶ. ಕೊಂಬೆಗಳು ಬೆಳಕಿನ ಕಡೆಗೇ ಕೈಚಾಚುತ್ತವೆ. ಎದುರು ಸಾಲಿನ ಮರವೂ ಅದನ್ನೇ ಮಾಡುತ್ತದೆ. ನಡುವೆ ಎಲ್ಲೋ ಎರಡೂ ಸೇರುತ್ತವೆ. ಕೆಳಗೆ ಜೋತ ರೆಂಬೆಗಳನ್ನು ಬಸ್ಸು ಲಾರಿಗಳು ಸವರಿ ಸವರಿ ಕಮಾನು ಮಾಡುತ್ತವೆ. ಮಳೆಮರ ನಮ್ಮ ನೆಲದ್ದೂ ಅಲ್ಲ, ಮಧ್ಯ ಮತ್ತು ದಕ್ಷಿಣ ಅಮೆರಿಕದಿಂದ ಬಂದದ್ದು. ಸಂಜೆಯಾದರೆ, ಮೋಡ ಕವಿದರೆ ಎಲೆ ಮಡಚಿಕೊಳ್ಳುತ್ತದೆ. ಆಗ ಸುರಂಗದ ಚಾವಣಿ ತೆಳ್ಳಗಾಗುತ್ತದೆ. ಅದಕ್ಕೇ ನಾನು ಬೆಳಗ್ಗೆಯೇ ಹೋಗುತ್ತೇನೆ. ದೂರ ನಿಂತು ಟೆಲಿ ಲೆನ್ಸ್ ಹಾಕಿದರೆ ಮರಗಳು ಒಂದಕ್ಕೊಂದು ಒತ್ತಿ ನಿಂತಂತೆ ಕಾಣುತ್ತವೆ. ಕಡಿದ ಮರಗಳ ಜಾಗದ ಕಂಡಿಗಳನ್ನೂ ಆ ಲೆನ್ಸ್ ಮುಚ್ಚಿಬಿಡುತ್ತದೆ ಎಂಬುದು ಈ ವಾರ ನನ್ನನ್ನು ಕೊರೆಯುತ್ತಿದೆ.

ಇನ್ನೊಂದೂ ಕೊರೆಯುತ್ತಿದೆ. ಸುರಂಗದ ಚಿತ್ರ ತೆಗೆಯುವ ನಾವೆಲ್ಲ ಖಾಲಿ ದಾರಿಗೆ ಕಾಯುತ್ತೇವೆ. ಆ ಅಮ್ಮ ಮಾತಾಡಿಸದೇ ಇದ್ದಿದ್ದರೆ “ಒಂದು ನಿಮಿಷ ಆ ಕಡೆ ಹೋಗುತ್ತೀರಾ” ಎಂದು ನಾನೇ ಕೇಳುತ್ತಿದ್ದೆ. ಎಷ್ಟು ಜನರನ್ನು ಹಾಗೆ ಸರಿಸಿದ್ದೇನೋ. ಹತ್ತೊಂಬತ್ತು ವರ್ಷದಿಂದ ಅದೇ ರಸ್ತೆ ಗುಡಿಸುತ್ತಿದ್ದಾರಂತೆ, ತೆಲುಗು ಬೆರೆತ ಕನ್ನಡದಲ್ಲಿ ಹೇಳಿದರು. ಮಳೆಮರದ ಕಾಯಿ ಬಿದ್ದು, ಟೈರಿಗೆ ಸಿಕ್ಕಿ ಜಜ್ಜಿ, ಅದರ ಸಿಹಿ ಅಂಟು ರಸ್ತೆಗೆ ಮೆತ್ತಿಕೊಂಡರೆ ಪೊರಕೆಗೆ ಬರುವುದಿಲ್ಲ. ಕೂತು ತಗಡಿನ ಚೂರಿನಿಂದ ಕೆರೆಯಬೇಕು. ಮರ ಹೋದರೆ ಆ ಬೀದಿಯಲ್ಲಿ ಕೆಲಸ ಹಗುರಾಗುವುದು ಅವರೊಬ್ಬರಿಗೇ. ಅಂಥವರು ಗೂಡಿನ ಬಗ್ಗೆ ಕೇಳಿದರು.

ಅದೇ ಹೊತ್ತಿಗೆ ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನಿಂತು, “ಹೋಗಲಿ ಬಿಡಿ, ಕಾರಿನ ಮೇಲೆಲ್ಲ ಹಕ್ಕಿ ಹಿಕ್ಕೆ. ರಸ್ತೆ ಅಗಲವಾದರೆ ಒಳ್ಳೆಯದೇ” ಎಂದರು. ಅದನ್ನು ಹೇಳಿದ್ದು ಅದೇ ಮರದ ನೆರಳಿನಲ್ಲಿ, ಹಣೆಯ ಬೆವರು ಒರೆಸಿಕೊಳ್ಳುತ್ತಾ. ಓದಿದವರು, ಸೌಮ್ಯ ಮಾತಿನವರು. ನನಗೆ ಅವರ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ವೃಕ್ಷ ಸಂರಕ್ಷಣಾ ಕಾಯ್ದೆ 1976ರದು. ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕು. ಈ ರಸ್ತೆಯ ಕೊನೆಯ ಮರದವರೆಗೆ ನಡೆದು ನೋಡಿದೆ. ಕೆಂಪು ನಂಬರ್ 43ಕ್ಕೆ ನಿಂತಿತ್ತು. ಎಣಿಕೆಗಾಗಿ ಬರೆದದ್ದೋ ಕೊಡಲಿಗಾಗಿಯೋ ಎಂದು ಕಚೇರಿಗೆ ಹೋಗಿ ಕೇಳಿದೆ. “ಅರ್ಜಿ ಕೊಡಿ” ಎಂದರು, ಕೊಟ್ಟು ಬಂದಿದ್ದೇನೆ. 2009ರಲ್ಲಿ ಇದೇ ಜಯನಗರದ ನಂದಾ ರಸ್ತೆಯ ಮರಗಳು ಮೆಟ್ರೊಗಾಗಿ ಉರುಳಿದಾಗ ಜನ ಬೀದಿಗಿಳಿದಿದ್ದರು. ಆ ಮೆಟ್ರೊದಲ್ಲಿ ನಾನೂ ಓಡಾಡುತ್ತೇನೆ, ಅದು ಬೇಕಿತ್ತು ಎಂದೂ ನಂಬುತ್ತೇನೆ. ಆದರೂ ಆ ಕಂಬಗಳ ಸಾಲು ದಾಟುವಾಗ ಇಲ್ಲೊಂದು ಕಮಾನು ಇತ್ತು ಎಂದು ಕತ್ತು ತಾನಾಗಿ ಮೇಲೆತ್ತುತ್ತದೆ. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಕಾರುಗಳಿಗೆ ನೆಲದಡಿ ಸುರಂಗ ತೋಡುವ ಮಾತು ನಡೆದಿದೆ. ಮೇಲಿನ ಸುರಂಗಗಳನ್ನು ಬೆಳೆಸಲು ಎಷ್ಟು ವರ್ಷ ಬೇಕಾಯಿತು ಎಂದು ಆ ನಕ್ಷೆ ಬರೆಯುವವರು ಒಮ್ಮೆ ಯೋಚಿಸಲಿ.

ಮಂಗಳವಾರ ಬಿಸಿಲು ಓರೆಯಾಗಿ ಇಳಿದಾಗ ಚಿತ್ರ ತೆಗೆದೆ. ಗುಡಿಸುತ್ತಿದ್ದ ಆ ಅಮ್ಮನಿಗೆ ಸರಿಯಲು ಹೇಳಲಿಲ್ಲ. ರಸ್ತೆಯ ನಡುವೆ ಅವರ ಬೆನ್ನು, ಪೊರಕೆ ಎಬ್ಬಿಸಿದ ಧೂಳಿನಲ್ಲಿ ಬೆಳಕಿನ ಕೋಲುಗಳು. ಕರೆದು ಕ್ಯಾಮೆರಾದ ಪರದೆ ತೋರಿಸಿದೆ. ಅವರು ತಮ್ಮನ್ನು ನೋಡಿಕೊಳ್ಳಲಿಲ್ಲ, ಕಮಾನನ್ನೂ ನೋಡಲಿಲ್ಲ. ಧೂಳು ಮೆತ್ತಿದ ಬೆರಳು ಮೇಲೆಲ್ಲ ಹುಡುಕಿತು.

“ಗೂಡು ಎಲ್ಲಿ ಮೇಡಂ?”

ಗುಂಡಿ ಒತ್ತಿ ಹಿಗ್ಗಿಸುತ್ತಾ ಹೋದೆ. ಎಲೆ, ಎಲೆ, ಕವಲು. ಕವಲಿನಲ್ಲಿ ಕಡ್ಡಿಗಳ ಕಪ್ಪು ಮುದ್ದೆ, ಅದರ ಅಂಚಿನಲ್ಲಿ ಕಾಗೆಯ ಬಾಲ.

“ಹಾಂ, ಇದೆ” ಎಂದು ಪೊರಕೆ ಎತ್ತಿಕೊಂಡು 28ನೆಯ ಮರದ ಕಡೆ ಹೋದರು.